ಟ್ಯಾಬ್ ಬಿಸಿಯೋ, ನಮ್ಮ ಊರು ಬಿಸಿಯೋ?

ಈ ಸಲ ಎಪ್ರಿಲ್‌ನ ಬಿಸು ಹಬ್ಬಕ್ಕೆ ಕಾಸರಗೋಡಿನ ನಮ್ಮ ಮನೆಗೊಂದು ಹೊಸ ಟ್ಯಾಬ್ ಬಂತು. ಅಕ್ಕ, ಭಾವ ಬೆಂಗಳೂರಿನಿಂದ ಬರುವಾಗ ತಂದದ್ದು. ಅವರ ಮನೆಯಲ್ಲೂ ಅದೇ ಮಾಡೆಲ್ ಇದೆ, ಮೂರು ತಿಂಗಳಿಂದ ಬಳಸುತ್ತಿದ್ದಾರೆ. ಮೊಬೈಲಿನ ಸಣ್ಣ ಪರದೆಯಲ್ಲಿ ಯಕ್ಷಗಾನ ನೋಡಿ ನೋಡಿ ಅಪ್ಪನಿಗೆ ಕಣ್ಣು ನೋಯುತ್ತದೆ ಎಂಬುದು ಕಾರಣ. ನಿಜವಾಗಿ ಅದನ್ನು ಜಾಸ್ತಿ ಹಿಡಿದುಕೊಂಡು ಕೂರುವುದು ನನ್ನ ಮಗಳು, ಅದು ಬೇರೆ ವಿಷಯ.

ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಶುರು ಮಾಡಿದರು.

"ಎಂತದು ಇದು, ಹಿಡಿಲಿಕ್ಕೇ ಆಗುದಿಲ್ಲ. ದೋಸೆ ಕಾವಲಿಯ ಹಾಗೆ ಉಂಟು."

ಭಾವನಿಗೆ ಸ್ವಲ್ಪ ಚುಚ್ಚಿರಬೇಕು, ತಂದುಕೊಟ್ಟದ್ದು ಅವರೇ ಅಲ್ವಾ. "ಇಲ್ಲ ಮಾವ, ಅದು ಬಿಸಿ ಅಲ್ಲ, ಸ್ವಲ್ಪ ಬೆಚ್ಚಗೆ ಅಷ್ಟೆ. ನಮ್ಮದು ಒಂದು ದಿನವೂ ಹಾಗೆ ಆದದ್ದಿಲ್ಲ" ಎಂದರು.

"ಹಾಗಾದ್ರೆ ನಾನು ಸುಳ್ಳು ಹೇಳುದಾ?"

ಇಷ್ಟಾದ ಮೇಲೆ ಸಾರು ಬಡಿಸುತ್ತಿದ್ದ ಅಮ್ಮನಿಂದ ಹಿಡಿದು ಮಗಳವರೆಗೆ ಎಲ್ಲರೂ ಒಂದೊಂದು ಪಕ್ಷ ಹಿಡಿದರು. ಮಗಳು ಅಜ್ಜನ ಕಡೆ, ಅಕ್ಕ ಗಂಡನ ಕಡೆ. ಅಮ್ಮನದು ಬೇರೆಯೇ ತೀರ್ಪು, "ಇಡೀ ರಾತ್ರಿ ಯಕ್ಷಗಾನದ ಆಟ ನೋಡಿದ್ರೆ ಯಾರಿಗಾದ್ರೂ ಬಿಸಿ ಆಗದೆ ಇರ್ತದಾ" ಅಂತ. ನನ್ನನ್ನು ಕೇಳಿದರು. ನಾನು ಒಂದಷ್ಟು ವರ್ಷ ಮಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಇದ್ದವನು, ಹಾಗಾಗಿ ಮನೆಯಲ್ಲಿ ಮಿಕ್ಸಿ ಕೆಟ್ಟರೂ ನನ್ನನ್ನೇ ಕೇಳುತ್ತಾರೆ.

ನನಗೆ ತಕ್ಷಣ ನೆನಪಾದದ್ದು 2012. ಆ ವರ್ಷ ಮಾರ್ಚ್ 16ರಂದು ಆಪಲ್‌ನ ಮೂರನೇ ಐಪ್ಯಾಡ್ ಅಂಗಡಿಗೆ ಬಂದಿತ್ತು. ಅದಕ್ಕೆ ಕಂಪೆನಿ ಇಟ್ಟ ಹೆಸರೇ 'ಹೊಸ ಐಪ್ಯಾಡ್', ನಂಬರೂ ಇಲ್ಲ ಏನೂ ಇಲ್ಲ. ಕೊಂಡವರು ಒಂದು ವಾರ ಆಗುವುದರೊಳಗೆ ಎರಡು ಪಂಗಡ. ಒಬ್ಬರಿಗೆ ಎಡಗೈ ಹಿಡಿಯುವ ಮೂಲೆ ಸುಡುತ್ತದೆ, ಇನ್ನೊಬ್ಬರಿಗೆ ಏನೂ ಗೊತ್ತೇ ಆಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಟ್ವೀಕರ್ಸ್ ಎಂಬ ತಾಣದವರು ಅಳೆದು, ಹೊಸದು 33.6 ಡಿಗ್ರಿ, ಹಿಂದಿನದು ಅದೇ ಕೆಲಸಕ್ಕೆ 28.3 ಡಿಗ್ರಿ ಎಂದರು. ವಸ್ತುಗಳನ್ನು ಪರೀಕ್ಷಿಸಿ ಹೇಳುವ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಚಾರ್ಜರ್ ಸಿಕ್ಕಿಸಿಕೊಂಡೇ ಗೇಮ್ ಆಡಿಸಿ ನೋಡಿದಾಗ 116 ಫ್ಯಾರನ್‌ಹೀಟ್‌ವರೆಗೆ ಹೋಯಿತು, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 47. ಕಂಪೆನಿಯ ಉತ್ತರ: ನಾವು ಇಟ್ಟುಕೊಂಡ ಮಿತಿಯ ಒಳಗೇ ಇದೆ.

ಅದು ಬಿಸಿಯಾಗಲು ಕಾರಣ ಗುಟ್ಟಿನದೇನಲ್ಲ. ಎರಡನೇ ಐಪ್ಯಾಡಿನ ಪರದೆಯಲ್ಲಿ ಚುಕ್ಕಿಗಳು 1024ಕ್ಕೆ 768, ಮೂರನೆಯದರಲ್ಲಿ 2048ಕ್ಕೆ 1536. ಲೆಕ್ಕ ಹಾಕಿದರೆ ಎಂಟು ಲಕ್ಷಕ್ಕೂ ಸ್ವಲ್ಪ ಕಮ್ಮಿ ಇದ್ದದ್ದು 31 ಲಕ್ಷ ದಾಟಿತು. ಇಷ್ಟು ಚುಕ್ಕಿ ಒತ್ತಾಗಿ ಕೂತರೆ ಹಿಂದಿನ ಬೆಳಕು ಹೊರಗೆ ಬರುವುದು ಕಷ್ಟ, ಹಾಗಾಗಿ ಲೈಟ್ ಜಾಸ್ತಿ ಬೇಕು. ಚಿತ್ರ ಬಿಡಿಸುವ ಚಿಪ್‌ಗೂ ಕೆಲಸ ಜಾಸ್ತಿ. ಬ್ಯಾಟರಿ 25 ವಾಟ್-ಅವರ್ ಇದ್ದದ್ದನ್ನು 42.5 ಮಾಡಿದರು, ಆದರೂ ಚಾರ್ಜ್ ನಿಲ್ಲುವುದು ಮೊದಲಿನಷ್ಟೇ ಹತ್ತು ಗಂಟೆ. ಹೆಚ್ಚಾದ ಕರೆಂಟೆಲ್ಲ ಎಲ್ಲಿಗೆ ಹೋಯಿತು ಹೇಳಿ? ಫ್ಯಾನ್ ಇಲ್ಲ, ಕಿಂಡಿ ಇಲ್ಲ. ಹಿಂದಿನ ಅಲ್ಯುಮಿನಿಯಂ ತಗಡಿಗೇ ಬರಬೇಕು, ಅಲ್ಲಿಂದ ನಮ್ಮ ಕೈಗೆ.

ಊಟದ ಹೊತ್ತಿಗೆ ಇಷ್ಟೆಲ್ಲ ಹೇಳಿದರೆ ಯಾರು ಕೇಳುತ್ತಾರೆ. ಭಾವ ಮಾತ್ರ, "ಹೊಸತಲ್ವಾ ಮಾರಾಯ, ಎರಡು ದಿನ ಹಾಗೇ" ಎಂದರು. ಆ ಮಾತು ಅರ್ಧ ನಿಜ. ಹೊಸ ಟ್ಯಾಬ್ ಆನ್ ಮಾಡಿದ ಕೂಡಲೇ ಅಪ್‌ಡೇಟ್ ಇಳಿಸುತ್ತದೆ, ಹಳೆ ಫೋಟೋಗಳನ್ನೆಲ್ಲ ಎಳೆದುಕೊಳ್ಳುತ್ತದೆ, ಯಾರ ಮುಖ ಯಾವುದು ಅಂತ ವಿಂಗಡಿಸುತ್ತಾ ಕೂರುತ್ತದೆ. ನಾವು ಮುಟ್ಟದೇ ಇದ್ದರೂ ಒಳಗೆ ದುಡಿಮೆ ನಡೆದೇ ಇರುತ್ತದೆ. ಆದರೆ ಹತ್ತನೇ ದಿನವೂ ಅಪ್ಪನ ದೂರು ನಿಲ್ಲಲಿಲ್ಲ. ಭಾವ ಅಷ್ಟರಲ್ಲಿ ಬೆಂಗಳೂರಿಗೆ ಹೋಗಿ ಆಗಿತ್ತು, ವಾದ ಫೋನಿನಲ್ಲಿ ಮುಂದುವರಿಯಿತು.

ಅಳೆದೇ ಬಿಡೋಣ ಅಂತ ಕೊರೊನಾ ಕಾಲದಲ್ಲಿ ತೆಗೆದಿಟ್ಟ, ಹಣೆಗೆ ಹಿಡಿದು ಜ್ವರ ನೋಡುವ ಗನ್ ಹುಡುಕಿದೆ. ಹೊಸ ಸೆಲ್ ಹಾಕಿ ಟ್ಯಾಬಿನ ಬೆನ್ನಿಗೆ ಹಿಡಿದರೆ ಇಂಗ್ಲಿಷಿನಲ್ಲಿ 'ಹೈ' ಅಂತ ತೋರಿಸಿತು. ನಮಸ್ಕಾರ ಅಲ್ಲ ಮತ್ತೆ, ಜ್ವರದ ಅಳತೆ ಮೀರಿದೆ ಅಂತ. ಅದರ ಲೆಕ್ಕ ನಲವತ್ತಮೂರರ ಹತ್ತಿರ ಮುಗಿಯುತ್ತದೆ. ಅಪ್ಪ ಮಾತ್ರ ಗೆದ್ದವರ ಹಾಗೆ, "ನೋಡು, ಅದಕ್ಕೆ ಜ್ವರ" ಎಂದರು.

ಬದಿಯಡ್ಕ ಪೇಟೆಯಲ್ಲಿ ಫ್ರಿಜ್, ಎ.ಸಿ. ರಿಪೇರಿ ಮಾಡುವ ಗೆಳೆಯನೊಬ್ಬ ಇದ್ದಾನೆ. ಅವನ ಹತ್ತಿರ ವಸ್ತುಗಳ ಬಿಸಿ ಅಳೆಯುವ, ಕೆಂಪು ಚುಕ್ಕೆ ಬಿಡುವ ಹಳದಿ ಗನ್ ಇದೆ. ಎರಡು ದಿನಕ್ಕೆ ಕೊಡು ಎಂದೆ. ಕೊಡುವಾಗ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪನ್ನೂ ಕೊಟ್ಟ. ಯಾಕೆ ಅಂತ ಕೇಳಿದರೆ, ಹೊಳೆಯುವ ಲೋಹಕ್ಕೆ ನೇರ ಹಿಡಿದರೆ ಈ ಗನ್ ಮೋಸ ಹೋಗುತ್ತದೆ, ಲೋಹದ ಬಿಸಿ ಬಿಟ್ಟು ಸುತ್ತಲಿನ ಗೋಡೆಯದ್ದನ್ನೇ ಅರ್ಧ ಓದುತ್ತದೆ, ಟೇಪ್ ಅಂಟಿಸಿ ಐದು ನಿಮಿಷ ಬಿಟ್ಟು ಟೇಪಿಗೆ ಹಿಡಿ ಎಂದ. ಮಂಗಳೂರಿನ ಅಂಗಡಿಯಲ್ಲಿ ಅಷ್ಟು ವರ್ಷ ಇದ್ದು ನನಗೆ ಇದು ಗೊತ್ತಿರಲಿಲ್ಲ, ಸುಮ್ನೆ ಹೇಳಬಾರದು.

ಗೋಡೆಯಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ಥರ್ಮಾಮೀಟರ್ ನೇತಾಡುತ್ತದೆ, ಕೋಣೆಯ ಲೆಕ್ಕಕ್ಕೆ ಅದು ಸಾಕು. ಬೆಳಿಗ್ಗೆ ಆರೂವರೆಗೆ ಕೋಣೆ 26. ಇಪ್ಪತ್ತು ನಿಮಿಷ ಪೇಪರ್ ಓದಿದ ಮೇಲೆ ಟ್ಯಾಬಿನ ಬೆನ್ನು 31. ಮುಟ್ಟಿದರೆ ಏನೂ ಅನ್ನಿಸುವುದಿಲ್ಲ, ನಮ್ಮ ಅಂಗೈಯೇ ಹೆಚ್ಚುಕಮ್ಮಿ ಅಷ್ಟಿರುತ್ತದಲ್ಲ. ಮಧ್ಯಾಹ್ನ ಮೂರಕ್ಕೆ ಕೋಣೆ 34. ಚಾರ್ಜರ್ ಸಿಕ್ಕಿಸಿಕೊಂಡು ಮಗಳು ಅವಳ ಕಾರಿನ ಗೇಮ್ ಆಡಿದಳು, ಅರ್ಧ ಗಂಟೆಯಲ್ಲಿ ಕ್ಯಾಮೆರಾ ಹತ್ತಿರದ ಮೂಲೆ 46. ಪರದೆ ತನ್ನಷ್ಟಕ್ಕೆ ಮಂಕಾಯಿತು, ಕಾರು ತಡೆದು ತಡೆದು ಓಡಿತು, ಚಾರ್ಜ್ ಏರುವುದೂ ನಿಂತ ಹಾಗೆ. ಕೆಟ್ಟುಹೋಯಿತು ಅಂತ ಅವಳು ಹೆದರಿದಳು. ಕೆಟ್ಟದ್ದಲ್ಲ, ಬಿಸಿ ಇಳಿಸಿಕೊಳ್ಳಲಿಕ್ಕೆ ಅದು ತಾನೇ ಓಟ ಕಮ್ಮಿ ಮಾಡಿಕೊಳ್ಳುವುದು. ಬಿಸಿಲಿಗೆ ಕೆಲಸ ಮಾಡುವವರು ನೆರಳು ಕಂಡಲ್ಲಿ ಕೂತ ಹಾಗೆ.

ಭಾವ ಹಠಕ್ಕೆ ಬಿದ್ದು ಅವರೂ ಒಂದು ಗನ್ ತರಿಸಿಕೊಂಡರು. ಟೇಪ್ ಅಂಟಿಸುವ ಕ್ರಮವನ್ನೂ ಹೇಳಿಕೊಟ್ಟೆ. ಅವರ ಆಫೀಸಿನ ಎ.ಸಿ. ಕೋಣೆ 24. ಅದೇ ಗೇಮ್, ಅದೇ ಚಾರ್ಜರ್, ಅರ್ಧ ಗಂಟೆ. ಬಂದದ್ದು 36. "ನೋಡು, ಮೂವತ್ತಾರು! ನಿನ್ನದು ಡಿಫೆಕ್ಟ್ ಪೀಸ್, ವಾಪಸ್ ಕೊಡುವ" ಅಂತ ರಾತ್ರಿ ಹತ್ತಕ್ಕೆ ಫೋನ್.

ನಾನು ಕಾಗದದಲ್ಲಿ ಬರೆದು ನೋಡಿದೆ. 24ರಿಂದ 36ಕ್ಕೆ ಹನ್ನೆರಡು. 34ರಿಂದ 46ಕ್ಕೂ ಹನ್ನೆರಡೇ. ಟ್ಯಾಬ್ ಅಲ್ಲಿ ಏರಿದಷ್ಟೇ ಇಲ್ಲೂ ಏರಿದೆ, ಅದು ಹೊರಟ ಮೆಟ್ಟಿಲು ಮಾತ್ರ ಬೇರೆ. ನೇರವಾಗಿ ಇಷ್ಟೇ ಬರಬೇಕು ಅಂತ ಇಲ್ಲ, ಜಾಸ್ತಿ ಬಿಸಿಯಾದಾಗ ಓಟ ತಗ್ಗುತ್ತದಲ್ಲ. ಆದರೆ ಲೆಕ್ಕ ಇಷ್ಟು ಚಂದ ಕೂತದ್ದು ನೋಡಿ ನನಗೆ ಖುಷಿಯಾಯಿತು. ಭಾವನಿಗೆ ಆಗಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಆಪಲ್‌ನವರ ಕಾಗದದಲ್ಲಿ ಐಪ್ಯಾಡನ್ನು ಸೊನ್ನೆಯಿಂದ 35 ಡಿಗ್ರಿಯ ಜಾಗದಲ್ಲಿ ಬಳಸಿ ಎಂದಿದೆ. ಬೇರೆ ಎಷ್ಟೋ ಕಂಪೆನಿಯವರದ್ದೂ ಹೆಚ್ಚುಕಮ್ಮಿ ಅದೇ ಲೆಕ್ಕ. ಆ ಸೊನ್ನೆ ನಮಗೆ ಯಾವ ಉಪಯೋಗಕ್ಕೂ ಇಲ್ಲ, ಕಾಸರಗೋಡಿನಲ್ಲಿ ಸ್ವೆಟರ್ ಮಾರುವವರೇ ಅಪರೂಪ. ಆ 35 ಮಾತ್ರ ಎಪ್ರಿಲ್ ತಿಂಗಳಲ್ಲಿ ನಮ್ಮ ಚಾವಡಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೇ ಬಂದು ಬಾಗಿಲು ತಟ್ಟುತ್ತದೆ. ಮೇಲಿಂದ ಕರೆಂಟ್ ಹೋದರೆ ಫ್ಯಾನೂ ಇಲ್ಲ. ಅಂದರೆ ಅವರ ಮಿತಿ ಮುಗಿಯುವಲ್ಲಿ ನಮ್ಮ ಬೇಸಿಗೆ ಶುರು. ಬಿಸಿಯಾಗುತ್ತದಾ ಇಲ್ವಾ ಅಂತ ವೀಡಿಯೋ ಮಾಡಿ ಹೇಳುವವರು ಕೋಣೆ ಎಷ್ಟು ಡಿಗ್ರಿ ಇತ್ತು ಅಂತ ಒಂದು ಮಾತು ಹೇಳಬಾರದಾ? ಹೆಚ್ಚಿನವರು ಹೇಳುವುದಿಲ್ಲ. ಹೇಳದೇ ಇದ್ದರೆ ಆ ಅಳತೆಯಿಂದ ನನಗೇನೂ ಗೊತ್ತಾಗುವುದಿಲ್ಲ.

ಇನ್ನೊಂದು ನಮ್ಮ ಊರಿನದ್ದೇ ವಿಷಯ. ಮನೆ ಗುಡ್ಡದ ಕೆಳಗೆ, ಅಡಿಕೆ ತೋಟದ ನಡುವೆ. ಟವರ್ ಸಿಗುವುದು ಒಂದು ಕಡ್ಡಿ, ಅದೂ ಕಿಟಕಿಯ ಹತ್ತಿರ. ಸಿಗ್ನಲ್ ದುರ್ಬಲ ಇದ್ದಷ್ಟೂ ಸಿಮ್ ಹಾಕಿದ ಟ್ಯಾಬ್ ದೂರದ ಟವರಿಗೆ ಕೇಳಲಿ ಅಂತ ಜೋರು ಕೂಗಬೇಕು, ಅದಕ್ಕೆ ಬ್ಯಾಟರಿ ಖರ್ಚು, ಖರ್ಚಿನ ಜೊತೆ ಬಿಸಿ. ಭಾವನ ಮನೆಯಲ್ಲಿ ವೈಫೈ. ಇದೂ ಲೆಕ್ಕಕ್ಕೆ ಬರಬೇಕಲ್ಲ.

ಇಷ್ಟಾದರೂ ಅಪ್ಪನ ದೋಸೆ ಕಾವಲಿ ಪೂರ್ತಿ ಅರ್ಥವಾಗಿರಲಿಲ್ಲ. ಅವರು ಗೇಮ್ ಆಡುವುದಿಲ್ಲ, ನೋಡುವುದು ರಾತ್ರಿ, ಆಗ ಕೋಣೆ 30ಕ್ಕೆ ಇಳಿದಿರುತ್ತದೆ. ಬರೀ ವೀಡಿಯೋಗೆ ಅಷ್ಟು ಬಿಸಿ ಆಗಬಾರದು. ಒಂದು ರಾತ್ರಿ ಹನ್ನೊಂದೂವರೆಗೆ ನೀರು ಕುಡಿಯಲು ಎದ್ದವನು ಅವರ ಕೋಣೆಗೆ ಇಣುಕಿದೆ. ಹಾಸಿಗೆಯ ಮೇಲೆ ಹತ್ತಿಯ ದಿಂಬು, ದಿಂಬಿನ ಹೊಂಡದಲ್ಲಿ ಟ್ಯಾಬ್, ಅದಕ್ಕೆ ರೆಕ್ಸಿನಿನ ದಪ್ಪ ಕವರ್, ಕೆಳಗಿಂದ ಚಾರ್ಜರ್ ವಯರು. ಬ್ರೈಟ್‌ನೆಸ್ ಕೊನೆಯವರೆಗೆ. ಪರದೆಯಲ್ಲಿ ಆಗಷ್ಟೇ ಮಹಿಷಾಸುರನ ಪ್ರವೇಶ, ಚೆಂಡೆ ಏರುತ್ತಿದೆ. ಅಪ್ಪ ಒಂದು ಬದಿಗೆ ಒರಗಿ ಗೊರಕೆ ಹೊಡೆಯುತ್ತಿದ್ದಾರೆ, ಒಂದು ಕೈ ಟ್ಯಾಬಿನ ಕೆಳಗೆ ಸಿಕ್ಕಿಕೊಂಡಿದೆ. ಕವರ್ ಸರಿಸಿ ಗನ್ ಹಿಡಿದೆ. 43.

ಕಂಬಳಿ ಹೊದೆಸಿ ಮಲಗಿಸಿದ ಹಾಗೆ ಆಗಿತ್ತು ಅದಕ್ಕೆ. ಬಿಸಿ ಹೋಗುವ ದೊಡ್ಡ ದಾರಿಯೇ ಬೆನ್ನು, ಆ ಬೆನ್ನಿಗೆ ಹತ್ತಿ ಮತ್ತು ರೆಕ್ಸಿನ್. ಇದರಲ್ಲಿ ತಮಾಷೆ ಅಲ್ಲದ ವಿಷಯವೂ ಇದೆ. 44 ಡಿಗ್ರಿಯ ವಸ್ತು ಆರು ಗಂಟೆ ಹಾಗೇ ತಾಗಿಕೊಂಡಿದ್ದರೆ ಚರ್ಮ ಸುಡುತ್ತದೆ ಅಂತ 1947ರಲ್ಲೇ ಪ್ರಯೋಗ ಮಾಡಿ ಕಂಡುಕೊಂಡಿದ್ದಾರೆ. ಎಚ್ಚರ ಇದ್ದರೆ ಕೈ ತಾನೇ ಸರಿಯುತ್ತದೆ, ನಿದ್ದೆಯಲ್ಲಿ? ಪೂರ್ತಿ ರಾತ್ರಿಯ ಆಟ ಅಂದರೆ ಆರು ಗಂಟೆಗೂ ಜಾಸ್ತಿ. ಬ್ಯಾಟರಿಗೂ ಇದು ಒಳ್ಳೆಯದಲ್ಲ, ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಫುಲ್ ಚಾರ್ಜ್ ಆಗಿ ಕೂತಷ್ಟೂ ಬೇಗ ಮುದಿಯಾಗುತ್ತದೆ.

ಬೆಳಿಗ್ಗೆ ಹೇಳಿದೆ. ಸ್ಟ್ಯಾಂಡ್ ತರಿಸುತ್ತೇನೆ, ದಿಂಬಿನ ಮೇಲೆ ಇಡಬೇಡಿ ಎಂದೆ. ಅಪ್ಪ ಏನೂ ಹೇಳದೆ ದೇವರ ಕೋಣೆಗೆ ಹೋಗಿ ವ್ಯಾಸಪೀಠ ಹಿಡಿದುಕೊಂಡು ಬಂದರು. ಆಟಿ ತಿಂಗಳಲ್ಲಿ ರಾಮಾಯಣ ಓದಲಿಕ್ಕೆ ಅಜ್ಜನ ಕಾಲದಿಂದ ಇರುವುದು, ಹಲಸಿನ ಮರದ್ದು, ಮಡಚುವಲ್ಲಿ ಸವೆದು ನುಣ್ಣಗಾಗಿದೆ. ಟ್ಯಾಬ್ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಹಿಂದೆ ಎರಡು ಹಲಗೆಯ ನಡುವೆ ಗಾಳಿಯಾಡಲು ಜಾಗವೂ ಇದೆ. ಅಮ್ಮನಿಗೆ ಮೊದಲು ಸರಿ ಕಾಣಲಿಲ್ಲ, "ಪುಸ್ತಕ ಇಡುವಲ್ಲಿ ಎಂತೆಂತದೋ" ಎಂದರು. ನೋಡುವುದು ದೇವಿ ಮಹಾತ್ಮೆಯನ್ನೇ ಅಲ್ವಾ ಅಂತ ಅಪ್ಪ ಕೇಳಿದ ಮೇಲೆ ಸುಮ್ಮನಾದರು. ಕವರ್ ತೆಗೆದು, ಚಾರ್ಜರ್ ಕಿತ್ತು, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಆ ರಾತ್ರಿ ಅಳೆದರೆ 36. ಬೇರೇನೂ ಮಾಡಿಲ್ಲ.

ಮಗಳ ಗೇಮಿನದ್ದು ಮಾತ್ರ ಹಾಗೇ ಉಳಿದಿದೆ. ಚಾರ್ಜರ್ ಇಲ್ಲದೆ, ಸಂಜೆ ಐದರ ನಂತರ ಮಾತ್ರ ಅಂತ ಕರಾರು ಆಗಿದೆ, ಎಷ್ಟು ದಿನ ನಡೆಯುತ್ತದೋ. ಹಾಗಾದರೆ ಟ್ಯಾಬ್ ಬಿಸಿಯಾಗುವುದು ಸುಳ್ಳಾ ಎಂದರೆ, ಅಲ್ಲ. 46 ಅಂದರೆ 46, ಬೆಂಗಳೂರಿನಲ್ಲಿ ಕೂತು ಅದನ್ನು ಬೆಚ್ಚಗೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ವಾಪಸ್ ಕೊಡುವ ಪೀಸ್ ಅಂತೂ ಅಲ್ಲ, ಬದಲಿಗೆ ಬರುವುದೂ ನಮ್ಮ ಚಾವಡಿಗೇ ಬರಬೇಕಲ್ಲ. ಭಾವ ಮೇ ಕೊನೆಗೆ ಬರುತ್ತಾರಂತೆ, ಅವರ ಟ್ಯಾಬನ್ನೂ ತನ್ನಿ ಎಂದಿದ್ದೇನೆ. ಎರಡನ್ನೂ ಪಕ್ಕ ಪಕ್ಕ ಇಟ್ಟು, ಮಧ್ಯಾಹ್ನ ಮೂರಕ್ಕೆ.

ಪೇಟೆಯ ಗೆಳೆಯನಿಗೆ ಗನ್ ಇನ್ನೂ ವಾಪಸ್ ಕೊಟ್ಟಿಲ್ಲ. ಎರಡು ದಿನ ಅಂದದ್ದು ಎರಡು ವಾರ ಆಯಿತು, ನಿನ್ನೆ ಅವನದ್ದು ಮೂರನೇ ಫೋನ್. ಕೊಡೋಣ ಅಂತ ಹುಡುಕಿದರೆ ಅದು ಅಪ್ಪನ ಕೈಯಲ್ಲಿ. ಅಂಗಳದಲ್ಲಿ ಹರಡಿದ ಅಡಿಕೆ 51, ಬಚ್ಚಲಿನ ಹಂಡೆಯ ನೀರು 58, ನಾಯಿಯ ಮೂಗು 29. ಟ್ಯಾಬಿನ ಕಡೆ ತಿರುಗಿಯೂ ನೋಡುತ್ತಿಲ್ಲ.