ಅಪ್ಪ ಕನ್ನಡಕ ಒರೆಸಿಕೊಂಡರು

ಮಂಗಳವಾರದಿಂದ ಒಂದೇ ದೃಶ್ಯ ಕಣ್ಣ ಮುಂದೆ ಬರ್ತಾ ಇದೆ. ಕುಶಾಲನಗರದ ಒಂದು ಅಂಗಡಿಯಲ್ಲಿ, ಹೊಸ ಲ್ಯಾಪ್‌ಟಾಪ್ ಮುಂದೆ ನಿಂತಿದ್ದ ಅಪ್ಪ ಕನ್ನಡಕ ತೆಗೆದರು. ಅಂಗಿಯ ಅಂಚಿನಿಂದ ಎರಡೂ ಗಾಜು ಒರೆಸಿದರು. ಹಾಕಿಕೊಂಡು ಬಗ್ಗಿ ನೋಡಿದರು. ಮತ್ತೆ ತೆಗೆದರು, ಮತ್ತೆ ಒರೆಸಿದರು. ಕನ್ನಡಕದಲ್ಲಿ ಏನೂ ಇರಲಿಲ್ಲ. ಮಂಜಾಗಿದ್ದದ್ದು ಸ್ಕ್ರೀನು.

ನಮ್ಮದು ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನಿಗೆ ಈಗ 74. 1981ರಿಂದ ಮಳೆ ಲೆಕ್ಕ ಬರೆದಿಟ್ಟುಕೊಂಡು ಬಂದವರು. ಬೆಳಿಗ್ಗೆ 8 ಗಂಟೆಗೆ ಕಣದ ಮೂಲೆಯಲ್ಲಿರುವ ಮಳೆಮಾಪಕದ ನೀರು ಅಳೆದು, ಒಳಗೆ ಬಂದು ಪುಸ್ತಕದಲ್ಲಿ ಬರೆದ ಮೇಲೇ ಕಾಫಿ. ಇಂಚು ಮತ್ತು ಸೆಂಟಿನ ಲೆಕ್ಕ. ಸರ್ಕಾರದವರು ಮಿಲಿಮೀಟರ್‌ನಲ್ಲಿ ಹೇಳಿದರೂ ಕೊಡಗಿನ ತೋಟದವರು ಫೋನಲ್ಲಿ ಕೇಳೋದು 'ನಿಮ್ಮಲ್ಲಿ ಎಷ್ಟು ಸೆಂಟು' ಅಂತಲೇ. ಒಂದು ಇಂಚಿಗೆ 100 ಸೆಂಟು. ಪಕ್ಕದಲ್ಲಿ ಒಂದು ಸಣ್ಣ ಟಿಪ್ಪಣಿ. ಹೂಮಳೆ. ಆಲಿಕಲ್ಲು. ಆರ್ದ್ರಾ ಶುರು. ಗಾಳಿಗೆ ಸಿಲ್ವರ್ ಮರ ಬಿತ್ತು.

ಹಳೆಯ ಪುಸ್ತಕಗಳು ಮಳೆಗಾಲದ ಥಂಡಿಗೆ ಬೂಸ್ಟು ಹಿಡಿಯೋಕೆ ಶುರುವಾದಾಗ ಎರಡು ವರ್ಷದ ಹಿಂದೆ ಅಪ್ಪ ಅದನ್ನೆಲ್ಲ ಎಕ್ಸೆಲ್‌ಗೆ ಹಾಕೋಕೆ ಕೂತರು. ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಅದರ ಹಿಂಜು ಈ ತಿಂಗಳು ಮುರಿಯಿತು. ಹಾಗಾಗಿ ಮಂಗಳವಾರ ಹೊರಟೆವು. ಮನೆಯಲ್ಲಿ ಪುನರ್ವಸು ಮಳೆ ಹಿಡಿದು ಹೊಡೀತಿತ್ತು. ಸುಂಟಿಕೊಪ್ಪ ದಾಟಿದ ಮೇಲೆ ಸಣ್ಣಗಾಯಿತು. ಕುಶಾಲನಗರದಲ್ಲಿ ರಸ್ತೆ ಒಣಗಿತ್ತು. "ನೋಡು ಮಗಾ, ಇಲ್ಲಿ ಐದು ಸೆಂಟೂ ಇಲ್ಲ" ಅಂದರು ಅಪ್ಪ.

ಅಂಗಡಿಯ ಹುಡುಗ ಒಳ್ಳೆಯವನೇ. ಅಪ್ಪನಿಗೆ ಸ್ಟೂಲ್ ಹಾಕಿದ, ಟೀ ತರಿಸಿದ. ಆದರೆ ಮಾತೆಲ್ಲ ನನ್ನ ಜೊತೆ. "ಯಾರಿಗೆ ಮೇಡಂ?" ಅಂದ. ಅಪ್ಪನಿಗೆ ಅಂದೆ. ತಕ್ಷಣ ಕೆಳಗಿನ ಸಾಲಿನಿಂದ ಒಂದನ್ನು ತೆಗೆದಿಟ್ಟ. "ಅಪ್ಪನಿಗಾದ್ರೆ ಇದು ತಗೊಳ್ಳಿ. ಎಚ್‌ಡಿ ಇದೆ. ಈ ವಯಸ್ಸಿಗೆ ಇಷ್ಟು ಸಾಕಲ್ವಾ ಮೇಡಂ?"

ಅಪ್ಪ ಅಲ್ಲೇ ಕೂತಿದ್ದರು. ಕೈಯಲ್ಲಿ ಟೀ ಲೋಟ ಇತ್ತು.

ಎಚ್‌ಡಿ ಅನ್ನೋ ಹೆಸರೇ ಜನರನ್ನು ದಾರಿ ತಪ್ಪಿಸುತ್ತೆ. ಕೇಳೋಕೆ ದೊಡ್ಡದು. ಲ್ಯಾಪ್‌ಟಾಪ್ ಅಂಗಡಿಯಲ್ಲಿ ಬರೀ ಎಚ್‌ಡಿ ಅಂದರೆ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ, ಅಂದರೆ ಪಿಕ್ಸೆಲ್. ಒಟ್ಟು ಸುಮಾರು ಹತ್ತೂವರೆ ಲಕ್ಷ. ಫುಲ್ ಎಚ್‌ಡಿ ಅಂದರೆ 1920 ಮತ್ತು 1080, ಅದಕ್ಕೆ ಹೆಚ್ಚೂ ಕಡಿಮೆ ಎರಡರಷ್ಟು. ನಾನು ಮಡಿಕೇರಿಯಲ್ಲಿ ಒಂಬತ್ತು ವರ್ಷ ಡಿಟಿಪಿ ಕೆಲಸ ಮಾಡಿದವಳು. ಲಗ್ನಪತ್ರಿಕೆಯಿಂದ ಹಿಡಿದು ಸಂಘದ ಮಹಾಸಭೆಯ ವರದಿಯವರೆಗೆ ಕನ್ನಡ ಅಕ್ಷರ ಜೋಡಿಸಿದ್ದೇನೆ. ಚುಕ್ಕಿ ಕಡಿಮೆಯಾದರೆ ಮೊದಲು ಪೆಟ್ಟು ಬೀಳೋದು ಒತ್ತಕ್ಷರಕ್ಕೆ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಕೂರುತ್ತೆ. ನಮ್ಮದು ಹಾಗಲ್ಲ. ಮೇಲೆ ಗುಣಿತ, ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವತ್ತು. ಆ ಸಣ್ಣ ಒತ್ತಿಗೆ ಸಿಗೋದು ಐದಾರು ಚುಕ್ಕಿ. ಅಷ್ಟರಲ್ಲಿ ಅದು ತ ಒತ್ತೋ, ನ ಒತ್ತೋ ಹೇಳೋಕಾಗಲ್ಲ, ಬರೀ ಒಂದು ಕಪ್ಪು ಗಂಟಾಗಿ ಕಾಣುತ್ತೆ. ವಯಸ್ಸಾದ ಕಣ್ಣು ಅಕ್ಷರದ ಅಂಚು ಹಿಡಿದೇ ಓದೋದು. ಆ ಅಂಚೇ ಮಸುಕಾದರೆ ಅದಕ್ಕೆ ಇನ್ನೇನು ಉಳಿಯಿತು? ಹಾಗಿರುವಾಗ ವಯಸ್ಸಾಯಿತು, ಕಡಿಮೆ ಚುಕ್ಕಿ ಸಾಕು ಅನ್ನೋದು ಪೂರ್ತಿ ತಲೆಕೆಳಗು.

ಫುಲ್ ಎಚ್‌ಡಿ ತೋರಿಸಿ ಅಂದೆ. ತೋರಿಸಿದ. "ಆದ್ರೆ ಮೇಡಂ, ಇದರಲ್ಲಿ ಅಕ್ಷರ ಸಣ್ಣದಾಗುತ್ತೆ. ಅಂಕಲ್‌ಗೆ ಕಷ್ಟ. ಇರಿ, ಸರಿ ಮಾಡಿಕೊಡ್ತೀನಿ" ಅಂತ ಸೆಟ್ಟಿಂಗ್‌ಗೆ ಹೋಗಿ ರೆಸಲ್ಯೂಷನ್ ಅನ್ನೇ, ಅಂದರೆ ಚುಕ್ಕಿಯ ಲೆಕ್ಕವನ್ನೇ, 1366ಕ್ಕೆ ಇಳಿಸಿದ. ಅಕ್ಷರ ದೊಡ್ಡದಾಯಿತು. "ಈಗ ನೋಡಿ ಅಂಕಲ್" ಅಂದ.

ಆಗ ಅಪ್ಪ ಕನ್ನಡಕ ಒರೆಸಿಕೊಂಡದ್ದು.

ಯಾಕೆ ಹಾಗಾಯಿತು ಅಂತ ನನಗೆ ಗೊತ್ತು. ಸ್ಕ್ರೀನಿನ ಚುಕ್ಕಿಗಳು ಫ್ಯಾಕ್ಟರಿಯಲ್ಲೇ ಕೂರಿಸಿದವು, ಸೆಟ್ಟಿಂಗ್ ಬದಲಿಸಿದರೆ ಕಡಿಮೆ ಆಗಲ್ಲ. 1366 ಚುಕ್ಕಿಯ ಚಿತ್ರವನ್ನು 1920 ಚುಕ್ಕಿಯ ಮೇಲೆ ಎಳೆದು ಹರಡಬೇಕು. ಒಂದು ಚುಕ್ಕಿ ಸುಮಾರು 1.4 ಚುಕ್ಕಿಯ ಮೇಲೆ ಕೂರೋಕಾಗಲ್ಲ. ಅಕ್ಕಪಕ್ಕದ ಬಣ್ಣ ಬೆರೆಸಿ ಹೇಗೋ ಹೊಂದಿಸುತ್ತೆ, ಅಕ್ಷರ ಮಸುಕಾಗುತ್ತೆ. ಅಕ್ಷರ ದೊಡ್ಡದು ಬೇಕು ಅಂದರೆ ರೆಸಲ್ಯೂಷನ್ ಮುಟ್ಟಬಾರದು. ಅದರ ಕೆಳಗೋ ಮೇಲೋ ಸ್ಕೇಲ್ ಅಂತ ಇರುತ್ತೆ. 100, 125, 150. ಅದನ್ನು ಏರಿಸಿದರೆ ಅಕ್ಷರವೂ ದೊಡ್ಡದಾಗುತ್ತೆ, ಬಳಸುವ ಚುಕ್ಕಿಯೂ ಜಾಸ್ತಿಯಾಗುತ್ತೆ, ಅಂಚು ಚೊಕ್ಕವಾಗಿ ಉಳಿಯುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ಒಂದು ನಿಮಿಷ ನಾನು ಬಾಯಿ ಬಿಡಲಿಲ್ಲ. ತಮ್ಮನ ಮೆಸೇಜ್ ಓದ್ತಿದ್ದೆ. ಅವನು ಬೆಂಗಳೂರಿನಲ್ಲಿದ್ದಾನೆ. 4ಕೆ ತಗೋ ಅಂತ ಬರೆದಿದ್ದ. ಅವನ ಸಲಹೆಗಳು ಯಾವಾಗಲೂ ದೊಡ್ಡವು, ಊರಿಗೆ ಬರೋದು ಕಡಿಮೆ. 4ಕೆಯಲ್ಲಿ ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕಿ, 80 ಲಕ್ಷಕ್ಕೂ ಮೇಲೆ. ಅಷ್ಟನ್ನು ಬೆಳಗಿಸೋಕೆ ಬ್ಯಾಟರಿ ಬೇಗ ಇಳಿಯುತ್ತೆ. ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಮನೆಗೆ ಅದು ಬೇಡ.

ತಲೆ ಎತ್ತಿದಾಗ ಅಪ್ಪ ಎರಡನೇ ಸಲ ಗಾಜು ಒರೆಸ್ತಿದ್ದರು. "ಪೊರೆ ತೆಗೆಸಿದ ಮೇಲೆ ಚೆನ್ನಾಗಿಯೇ ಇತ್ತು ಕಣ್ಣು. ಈಗ ಎಂಥ ಆಯ್ತೋ" ಅಂದರು. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ.

"ಕಣ್ಣಿಗೆ ಏನೂ ಆಗಿಲ್ಲ ಅಪ್ಪ" ಅಂದೆ. ಹುಡುಗನನ್ನು ಸರಿಸಿ ರೆಸಲ್ಯೂಷನ್ ಮೊದಲಿನಂತೆ 1920ಕ್ಕೆ ತಂದೆ. ಸ್ಕೇಲ್ 125 ಮಾಡಿದೆ. ಅಪ್ಪ ನೋಡಿದರು. ಏನೂ ಹೇಳಲಿಲ್ಲ. ಕನ್ನಡಕದ ಕಡೆಗೆ ಹೋಗಿದ್ದ ಕೈ ಕೆಳಗೆ ಬಂತು.

ಆಮೇಲೆ ಅಪ್ಪನೇ ಆರಿಸೋಕೆ ಶುರು ಮಾಡಿದರು. "15.6 ಇಂಚು ಅಂದ್ರೆ ಮೂಲೆಯಿಂದ ಮೂಲೆಗಾ?" ಅಂತ ಹುಡುಗನನ್ನೇ ಕೇಳಿದರು. ಹೌದು ಅಂಕಲ್ ಅಂದ. "ಹಾಗಾದ್ರೆ ಒಂದು ಇಂಚಿಗೆ ಎಷ್ಟು ಚುಕ್ಕಿ?" ಹುಡುಗ ನನ್ನ ಮುಖ ನೋಡಿದ. ನಾನು ಫೋನಲ್ಲಿ ಲೆಕ್ಕ ಹಾಕಿದೆ. ಅಷ್ಟೇ ಅಗಲದ ನಮ್ಮ ಹಳೆಯದರಲ್ಲಿ ಇಂಚಿಗೆ 100 ಚುಕ್ಕಿ. ಇದರಲ್ಲಿ 141. "ಹಳೆಯದು ನಮ್ಮ ಸೆಂಟಿನ ಲೆಕ್ಕವೇ ಆಯ್ತಲ್ಲ" ಅಂತ ಅಪ್ಪ ನಕ್ಕರು. ಬೆಳಿಗ್ಗೆಯಿಂದ ಮೊದಲ ಸಲ.

ಪೆನ್‌ಡ್ರೈವ್‌ನಲ್ಲಿ ಮಳೆ ಪುಸ್ತಕ ಇತ್ತು. ಹಾಕಿದೆವು. ಅಪ್ಪನ ಪರೀಕ್ಷೆ ಎರಡೇ. ಮೊದಲನೆಯದು ಟಿಪ್ಪಣಿಯ ಸಾಲು. 'ಆರ್ದ್ರಾ' ಅನ್ನೋದರ ರ ಒತ್ತು, ಆಮೇಲಿನ ಅರ್ಕಾವತ್ತು, ಎರಡೂ ಬೇರೆ ಬೇರೆ ಕಾಣಬೇಕು. 'ಆಶ್ಲೇಷ'ದ ಲ ಒತ್ತು ಕಾಣಬೇಕು. ಎರಡನೆಯದು, ತಿಂಗಳು ಪೂರ್ತಿ ಒಂದೇ ನೋಟಕ್ಕೆ ಸಿಗಬೇಕು. ಹಳೆಯದರಲ್ಲಿ 25 ಸಾಲು ಕಾಣ್ತಿತ್ತು. ಪ್ರತಿ ತಿಂಗಳ ಕೊನೇ ವಾರ ನೋಡೋಕೆ ಕೆಳಗೆ ತಳ್ಳಬೇಕು, ತಳ್ಳಿದರೆ ಮೊದಲ ವಾರ ಮಾಯ. ಎರಡು ವರ್ಷ ಹಾಗೇ ತಳ್ಳಿಕೊಂಡು ಕೂತಿದ್ದರು. ಒಂದು ಸಲವೂ ನನಗೆ ಹೇಳಿರಲಿಲ್ಲ.

ಫುಲ್ ಎಚ್‌ಡಿಯಲ್ಲಿ ಸ್ವಲ್ಪದರಲ್ಲಿ ತಪ್ಪಿತು. 31 ತಾರೀಕು ಕೆಳಗೆ ಉಳಿಯಿತು. ಹುಡುಗನಿಗೆ ಈಗ ಉಮೇದು ಬಂದಿತ್ತು. ಒಳಗಿನಿಂದ 16 ಇಂಚಿನದೊಂದು ತಂದ. ಅಗಲಕ್ಕೆ ಅದೇ 1920, ಉದ್ದಕ್ಕೆ ಮಾತ್ರ 1200. ಕೆಳಗೆ 120 ಚುಕ್ಕಿ ಜಾಸ್ತಿ, ಅಷ್ಟೇ. ಸಿನಿಮಾ ನೋಡುವವರಿಗೆ ಅದು ಬರೀ ಮೇಲೆ ಕೆಳಗೆ ಕಪ್ಪು ಪಟ್ಟಿ. ಪಟ್ಟಿ ಬರೆಯುವವರಿಗೆ ಅದು ನಾಲ್ಕೈದು ಸಾಲು. ತೆರೆದ ಕೂಡಲೇ 31ನೇ ತಾರೀಕು ಬಂತು, ಅದರ ಕೆಳಗೆ ಮೊತ್ತವೂ ಬಂತು. ಸ್ಕೇಲ್ 150 ಮಾಡಿ ನೋಡಿದೆವು, ಅಕ್ಷರ ಇನ್ನೂ ಹಾಯಾಗಿತ್ತು, ಆದರೆ ತಿಂಗಳು ತುಂಡಾಯಿತು. "125ಕ್ಕೇ ಇರಲಿ" ಅಂದರು ಅಪ್ಪ. ಪೇಪರ್ ಓದುವಾಗ ಕಂಟ್ರೋಲ್ ಒತ್ತಿ ಪ್ಲಸ್ ಒತ್ತಿದರೆ ಆಯಿತು ಅಂತ ಹೇಳಿಕೊಟ್ಟೆ. ಬಾಗಿಲ ಹತ್ತಿರ ಬೆಳಕಿಗೂ ಹಿಡಿದು ನೋಡಿದರು. ಅಪ್ಪ ಕೂರೋದು ಜಗಲಿಯಲ್ಲಿ. ಫಳಫಳ ಹೊಳೆಯುವ ಗಾಜಿನ ಸ್ಕ್ರೀನಾದರೆ ಅದರಲ್ಲಿ ಅಂಗಳವೇ ಕಾಣುತ್ತೆ. ಇದು ಹೊಳೆಯದ ಸ್ಕ್ರೀನು. ಬೆಲೆ 7,000 ಜಾಸ್ತಿ. ಅಪ್ಪ ತಾವೇ ಕೊಟ್ಟರು.

ಹುಡುಗನ ಮೇಲೆ ನನಗೆ ಸಿಟ್ಟು ಬಂದಿತ್ತು. ಆದರೆ ವಾಪಸ್ ಬರುವಾಗ ಒಂದು ವಿಷಯ ನೆನಪಾಗಿ ಮಾತು ನಿಂತಿತು. ಆ ದಿನ ಬೆಳಿಗ್ಗೆಯೇ ನಾನು ಗಂಡನಿಗೆ ಫೋನಲ್ಲಿ ಹೇಳಿದ್ದೆ, "ಅಪ್ಪನಿಗೆ ತಾನೇ, ಯಾವುದಾದ್ರೂ ಸಾಕು." ಹಳೇ ಲ್ಯಾಪ್‌ಟಾಪ್ ಕೊಟ್ಟಾಗಲೂ ಅದನ್ನೇ ಅಂದುಕೊಂಡಿದ್ದೆ. ಅಮ್ಮನ ಕೈಯಲ್ಲಿರುವ ಫೋನ್ ನಾನು ಬಿಟ್ಟದ್ದು, ಅದರ ಸ್ಕ್ರೀನ್ ಮೂಲೆ ಒಡೆದಿದೆ. ನಮ್ಮೂರಿನ ಎಷ್ಟು ಮನೆಗಳಲ್ಲಿ ಹೀಗೇ ಇದೆ. ಮಕ್ಕಳು ಬಿಟ್ಟ ಫೋನು, ಮಕ್ಕಳು ಬಿಟ್ಟ ಟೀವಿ. ಪ್ರೀತಿಯಿಂದಲೇ ಕೊಡ್ತೇವೆ, ಸುಳ್ಳಲ್ಲ. ಆದರೆ ಸಾಕು ಅನ್ನೋದು ಅವರು ಹೇಳಬೇಕಾದ ಮಾತು. ಊಟಕ್ಕೆ ಬಡಿಸುವಾಗ ಎಲೆ ಮುಂದೆ ಕೂತವರು ಸಾಕು ಅನ್ನುವವರೆಗೆ ಕಾಯ್ತೇವೆ, ಅಲ್ವಾ? ಸರಿಯಾಗಿ ಕಾಣದಿದ್ದಾಗ ಅವರು ದೂರು ಹೇಳಲ್ಲ. ತಪ್ಪು ತಮ್ಮ ಕಣ್ಣಿನದು ಅಂದುಕೊಂಡು ಕನ್ನಡಕ ಒರೆಸಿಕೊಳ್ತಾರೆ. ಎರಡು ವರ್ಷದಲ್ಲಿ ಅಪ್ಪ ಎಷ್ಟು ಸಲ ಒರೆಸಿರಬಹುದು?

ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ. ಅಪ್ಪ ಬ್ಯಾಟರಿಯಲ್ಲೇ ಕೂತಿದ್ದರು. 2018ರ ಆಗಸ್ಟ್ ತೆರೆದಿತ್ತು. ಆ ತಿಂಗಳು ಪೂರ್ತಿ ಸ್ಕ್ರೀನಿನಲ್ಲಿ ಒಟ್ಟಿಗೆ ಕಂಡದ್ದು ಅವರಿಗೂ ಮೊದಲು, ನನಗೂ ಮೊದಲು. ಪಟ್ಟಿಯಲ್ಲಿ 16 ಮತ್ತು 17ರ ಮನೆ ಖಾಲಿ. ಗುಡ್ಡ ಜಾರಿದ ಆ ಎರಡು ದಿನ ನಾವು ಮನೆಯಲ್ಲಿರಲಿಲ್ಲ. ಉಟ್ಟ ಬಟ್ಟೆಯಲ್ಲೇ ಸೋಮವಾರಪೇಟೆಗೆ ಹೋಗಿದ್ದೆವು.

"ಖಾಲಿ ಬಿಟ್ಟರೆ ಇದು ಸೊನ್ನೆ ಅಂತ ತಿಳ್ಕೊಳ್ಳುತ್ತಾ?" ಅಪ್ಪ ಕೇಳಿದರು.

"ಇಲ್ಲ ಅಪ್ಪ. ಸರಾಸರಿ ತೆಗೆಯುವಾಗ ಖಾಲಿ ಮನೆಯನ್ನು ಲೆಕ್ಕಕ್ಕೆ ಹಿಡಿಯಲ್ಲ."

"ಯಂತ್ರಕ್ಕೆ ಗೊತ್ತಾಗುತ್ತೆ, ಸರಿ. ಮುಂದೆ ನೋಡುವವರಿಗೆ?"

ಎರಡೂ ಮನೆಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅಳೆಯಲಿಲ್ಲ. ಅಳೆಯಲಿಲ್ಲ. ಆಮೇಲೆ ಮುಖ ಹತ್ತಿರ ತಂದು ಕೊನೆಯ ಒತ್ತು ನೋಡಿದರು. ಸರಿಯಾಗಿ ಬಿದ್ದಿತ್ತು. ಸೇವ್ ಮಾಡಿ ಸೆಪ್ಟೆಂಬರ್‌ಗೆ ಹೋದರು.