ಎರಡು ಸ್ವರಕ್ಕೆ ಏಳು ಗಂಟೆ: ಯುನ್‌ಚಾನ್ ಲಿಮ್ ಅಭ್ಯಾಸದ ಕ್ರಮ

ರಚನಕಾರ ಶೋಪಾನ್‌ನ ಆಪಸ್ (ಕೃತಿಸಂಖ್ಯೆ) 25ರ ಏಳನೇ ಎಟ್ಯೂಡ್ (ಅಭ್ಯಾಸಕ್ಕೆಂದು ಬರೆದ ರಚನೆ) ಎಡಗೈಯ ಒಂಟಿ ಸಾಲಿನಿಂದ ಶುರುವಾಗುತ್ತದೆ. ಬಲಗೈಗೆ ಆಗ ಕೆಲಸವಿಲ್ಲ, ಗತಿಯೂ ನಿಧಾನ. ಪಿಯಾನೊ ಕಲಿಯಲು ಶುರುಮಾಡಿ ಎರಡು ವರ್ಷವಾದ ಮಗುವೂ ಆ ಸ್ವರಗಳನ್ನು ಓದಿ ಒತ್ತೀತು. ದಕ್ಷಿಣ ಕೊರಿಯಾದ ಪಿಯಾನೊ ವಾದಕ ಯುನ್‌ಚಾನ್ ಲಿಮ್ ಅದರ ಮೊದಲ ಎರಡು ಸ್ವರಗಳ ಮೇಲೆ ಏಳು ಗಂಟೆಗೂ ಮಿಕ್ಕಿ ಕೂತಿದ್ದಾಗಿ ಹೇಳಿಕೊಂಡಿದ್ದಾನೆ. ಕೇಳಿದವರು ಇದನ್ನು ಹುಚ್ಚು ಎನ್ನಬಹುದು. ಪಿಯಾನೊ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಹಾಗೆ ಅನ್ನಿಸುವುದಿಲ್ಲ.

ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದ ಮೇಲೆ ಆ ಸ್ವರವನ್ನು ಹಿಗ್ಗಿಸಲಾಗದು. ಗಮಕವಿಲ್ಲ, ಕಮಾನಿನ ಎಳೆತವಿಲ್ಲ. ಸ್ವರ ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಹಾಗಾಗಿ ಎರಡನೇ ಸ್ವರವನ್ನು ಮೊದಲನೆಯದು ಶುರುವಾದಾಗಿದ್ದಷ್ಟು ಜೋರಾಗಿ ನುಡಿಸಿದರೆ ಕಿವಿಗೆ ಅದು ಹೊಸ ಬಡಿತವಾಗಿ ಕೇಳುತ್ತದೆ, ಎಳೆ ಕಡಿಯುತ್ತದೆ. ಮೊದಲನೆಯದು ಎಷ್ಟಕ್ಕೆ ಇಳಿದಿದೆಯೋ ಅದರ ಹತ್ತಿರದ ಮಟ್ಟದಲ್ಲಿ ಎರಡನೆಯದನ್ನು ಹಿಡಿದರೆ ಮಾತ್ರ ಎರಡೂ ಒಂದೇ ಉಸಿರಿನಲ್ಲಿ ಬಂದಂತಿರುತ್ತವೆ. ಇದರ ಮೇಲೆ ಮೂರು ಪ್ರಶ್ನೆಗಳಿವೆ: ಮೊದಲ ಬೆರಳು ಯಾವಾಗ ಏಳಬೇಕು, ಪೆಡಲ್ ಯಾವಾಗ ಬದಲಾಗಬೇಕು, ಕೀ ಎಷ್ಟು ವೇಗದಲ್ಲಿ ಕೆಳಗಿಳಿಯಬೇಕು. ಪಿಯಾನೊ ಬದಲಾದರೆ, ಸಭಾಂಗಣ ಬದಲಾದರೆ ಮೂರಕ್ಕೂ ಉತ್ತರ ಬದಲಾಗುತ್ತದೆ. ಏಳು ಗಂಟೆಯ ದುಡಿಮೆಯೆಲ್ಲ ಕಿವಿಯದು. ಬೆರಳಿಗೆ ಅಲ್ಲಿ ಅಷ್ಟು ಕೆಲಸವೇ ಇಲ್ಲ.

ಲಿಮ್ ಹುಟ್ಟಿದ್ದು 2004ರ ಮಾರ್ಚ್‌ನಲ್ಲಿ, ಸಿಯೋಲ್ ಬಳಿಯ ಸಿಹುಂಗ್‌ನಲ್ಲಿ. ಪಿಯಾನೊ ಮುಟ್ಟಿದ್ದು ಏಳನೇ ವಯಸ್ಸಿಗೆ. ಈ ಲೋಕದಲ್ಲಿ ಅದು ತಡವೇ, ನಾಲ್ಕಕ್ಕೇ ಶುರುಮಾಡಿದವರು ಅನೇಕ. ಮೊದಲು ಪಾಠ ಮನೆ ಹತ್ತಿರದ ಸಂಗೀತ ತರಗತಿಯಲ್ಲಿ, ಮರುವರ್ಷ ಸಿಯೋಲ್ ಆರ್ಟ್ಸ್ ಸೆಂಟರ್‌ನ ಅಕಾಡೆಮಿ, ಆಮೇಲೆ ಯೆವೊನ್ ಕಲಾಶಾಲೆ. ಹದಿಮೂರಕ್ಕೆ ಮಿನ್‌ಸೂ ಸೋನ್ ಎಂಬ ಗುರು ಸಿಕ್ಕರು. ಸೋನ್ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ರಸೆಲ್ ಶರ್ಮನ್ ಅವರ ಶಿಷ್ಯರಾಗಿದ್ದವರು, 2006ರಲ್ಲಿ ಕೆನಡಾದ ಹೋನೆನ್ಸ್ ಪಿಯಾನೊ ಸ್ಪರ್ಧೆ ಗೆದ್ದವರು. ಹದಿನೈದಕ್ಕೆ ಲಿಮ್ ಕೊರಿಯಾದ 2019ರ ಇಸಾಂಗ್ ಯುನ್ ಸ್ಪರ್ಧೆ ಗೆದ್ದ. 2022ರ ಜೂನ್‌ನಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ವ್ಯಾನ್ ಕ್ಲೈಬರ್ನ್ ಪಿಯಾನೊ ಸ್ಪರ್ಧೆಯ ಚಿನ್ನ. ಆಗ ವಯಸ್ಸು 18, ಆ ಸ್ಪರ್ಧೆಯ ಇತಿಹಾಸದಲ್ಲೇ ಅತಿ ಕಿರಿಯ. ಅಲ್ಲಿಯವರೆಗಿನ ಶಿಕ್ಷಣ ಪೂರ್ತಿ ಕೊರಿಯಾದಲ್ಲೇ ನಡೆದಿತ್ತು. ಪ್ರತಿಭಾವಂತರು ವಿದೇಶಕ್ಕೆ ಹೋಗಲೇಬೇಕು ಎಂದು ವಾದಿಸುವವರು ಇದನ್ನು ಗಮನಿಸಬೇಕು.

ಅಂತಿಮ ಸುತ್ತಿನ ರಾಖ್‌ಮನಿನೋವ್ ಮೂರನೇ ಕಾನ್ಸರ್ಟೊದ (ಪಿಯಾನೊ ಮತ್ತು ಆರ್ಕೆಸ್ಟ್ರಾ ಕೂಡಿ ನುಡಿಸುವ ರಚನೆ) ವಿಡಿಯೊವನ್ನು ಒಂದು ಕೋಟಿಗೂ ಹೆಚ್ಚು ಸಲ ನೋಡಿದ್ದಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಾಹಸ ಸೆಮಿಫೈನಲ್‌ನದು. ಅಲ್ಲಿ ಲಿಸ್ಟ್‌ನ ಹನ್ನೆರಡು ಟ್ರಾನ್ಸೆಂಡೆಂಟಲ್ ಎಟ್ಯೂಡ್‌ಗಳನ್ನು ಸಾಲಾಗಿ, ಕೂತಲ್ಲಿಂದ ಏಳದೆ ನುಡಿಸಿದ. ಸುಮಾರು 65 ನಿಮಿಷ. ಸ್ಪರ್ಧಿಗಳು ಸಾಮಾನ್ಯವಾಗಿ ಮೂರ್ನಾಲ್ಕು ರಚನಕಾರರನ್ನು ಬೆರೆಸುತ್ತಾರೆ, ಒಂದು ಕೈಕೊಟ್ಟರೆ ಇನ್ನೊಂದು ಕಾಪಾಡಲಿ ಎಂದು. ಇಲ್ಲಿ ಆ ಆಸರೆ ಇರಲಿಲ್ಲ.

ಲಿಸ್ಟ್ ಈ ಸರಣಿಯನ್ನು ಮೊದಲು ಬರೆದದ್ದು ಹದಿಹರೆಯದಲ್ಲಿ. ನಾವು ಇಂದು ಕೇಳುವುದು 1852ರ ಮೂರನೇ ರೂಪ, ತನ್ನ ಗುರು ಚೆರ್ನಿಗೆ ಅರ್ಪಿಸಿದ್ದು. ನಾಲ್ಕನೆಯದಾದ ‘ಮಜೆಪ್ಪಾ’ದಲ್ಲಿ (ಓಡುವ ಕುದುರೆಗೆ ಕಟ್ಟಿಹಾಕಲ್ಪಟ್ಟವನ ಕತೆ) ಜೋಡಿಸ್ವರಗಳಿಗೆ (ಒಟ್ಟಿಗೆ ಒತ್ತುವ ಎರಡು ಸ್ವರ) ಲಿಸ್ಟ್ ಸ್ವತಃ 2–4 ಬೆರಳನ್ನೇ (ಹೆಬ್ಬೆರಳಿಗೆ 1 ಎಂದು ಎಣಿಕೆ) ಮತ್ತೆ ಮತ್ತೆ ಗುರುತಿಸಿದ್ದಾನೆ. ಬೆರಳು ಬದಲಾಯಿಸಿದರೆ ಕೈಗೆ ಸುಲಭ, ಆದರೆ ಕುದುರೆಯ ಓಟದ ಆ ಒರಟು ಸಮಬಡಿತ ಹೋಗಿಬಿಡುತ್ತದೆ. ಅನೇಕರು ಇಲ್ಲೇ ಬಲವನ್ನೆಲ್ಲ ಸುರಿಯುತ್ತಾರೆ. ಮುಂದೆ ಇನ್ನೂ ಎಂಟು ಇವೆ! ಮರುಕ್ಷಣವೇ ಬರುವ ಐದನೆಯದು, ‘ಫ್ಯೂ ಫೊಲೆ’, ಬಲಗೈಯ ಜೋಡಿಸ್ವರಗಳನ್ನು ಮೆಲುದನಿಯಲ್ಲಿ, ಹಗುರಾಗಿ ಕೇಳುತ್ತದೆ. ಗಟ್ಟಿಯಾದ ಮುಂಗೈ ಅದನ್ನು ನುಡಿಸಲಾರದು.

ಇಂಥ ಜೋಡಿಸ್ವರಗಳ ಅಭ್ಯಾಸಕ್ಕೆ ಪಳಗಿದ ದಾರಿಯೊಂದಿದೆ. ಮೊದಲು ಮೇಲಿನ ಸಾಲನ್ನು ಮಾತ್ರ, ಕೊನೆಗೆ ಬಳಸುವ 3, 4, 5ನೇ ಬೆರಳಲ್ಲೇ ನುಡಿಸಬೇಕು. ಆಮೇಲೆ ಕೆಳಗಿನ ಸಾಲು, ಅದೂ ತನ್ನದೇ ಬೆರಳಲ್ಲಿ. ಮುಂದೆ ಎರಡನ್ನೂ ಕೂಡಿಸಿ ಮೇಲಿನದನ್ನು ಎಳೆದು, ಕೆಳಗಿನದನ್ನು ಬಿಡಿಬಿಡಿಯಾಗಿ, ನಂತರ ತಿರುಗಿಸಿ. ಗತಿ ಹಿಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತದಲ್ಲಿಟ್ಟು ನಾಲ್ಕು ನಾಲ್ಕೇ ಏರಿಸಬೇಕು. ನಾಲ್ಕು ಜೋಡಿ ನುಡಿಸಿ ಐದನೆಯದರ ಮೇಲೆ ನಿಂತು, ಮಣಿಕಟ್ಟು ಸಡಿಲವಾಗಿದೆಯೇ ಎಂದು ನೋಡಿ ಮುಂದಿನ ಗುಂಪಿಗೆ ಹೋಗಬೇಕು. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ಬೆಳೆದವರಿಗೆ ಈ ತಾಳ್ಮೆ ಹೊಸದಲ್ಲ. ಎಡವುವುದು ಬಹುತೇಕ ಒಂದೇ ಕಡೆ: ಉಂಗುರಬೆರಳು ದುರ್ಬಲ ಎಂದು ಅದನ್ನು ಕೀಗೆ ಒತ್ತಿ ಹಿಡಿಯುವುದು. ಸ್ವರ ಹೊರಟ ಮೇಲೆ ಒತ್ತಿದ್ದೆಲ್ಲ ದಂಡ. ಆ ಬಲ ಮುಂಗೈಯಲ್ಲಿ ಬಿಗಿಯಾಗಿ ಉಳಿದು, ಎರಡನೇ ಪುಟದ ಹೊತ್ತಿಗೆ ಕೈ ಉರಿಯತೊಡಗುತ್ತದೆ. ಉರಿ ಕಂಡ ಕೂಡಲೇ ನಿಲ್ಲಿಸಬೇಕು. ‘ಉರಿ ದಾಟಿದರೆ ಶಕ್ತಿ ಬರುತ್ತದೆ’ ಎಂಬ ಜಿಮ್ಮಿನ ಮಾತು ಇಲ್ಲಿ ಅಪಾಯಕಾರಿ. ಲಿಮ್ ಕೂಡ 2024ರ ಮಾರ್ಚ್‌ನಲ್ಲಿ ಕೈ ನೋವಿನಿಂದ ಕೆಲವು ಕಛೇರಿಗಳನ್ನು ರದ್ದು ಮಾಡಬೇಕಾಯಿತು.

ರಾಖ್‌ಮನಿನೋವ್ ಕಾನ್ಸರ್ಟೊದ ಶುರು ಮಾತ್ರ ತೀರ ಸರಳ: ಎರಡೂ ಕೈ ಒಂದೇ ರಾಗವನ್ನು ಸ್ಥಾಯಿಯ ಅಂತರದಲ್ಲಿ ಹಾಡುತ್ತವೆ. ಎರಡೂ ಸಮ ಜೋರಾದರೆ ದನಿ ಮಂಕಾಗುತ್ತದೆ, ಒಂದು ಕೈ ಕೂದಲೆಳೆಯಷ್ಟು ಮುಂದಿರಬೇಕು. ಮೊದಲ ಚಲನೆಯ (ಕಾನ್ಸರ್ಟೊದ ಮೊದಲ ಭಾಗ) ಕೆಡೆನ್ಜಾಗೆ, ಅಂದರೆ ಪಿಯಾನೊ ಒಂಟಿಯಾಗಿ ನುಡಿಸುವ ಜಾಗಕ್ಕೆ, ರಚನಕಾರ ಎರಡು ರೂಪ ಕೊಟ್ಟಿದ್ದಾನೆ, ಒಂದು ಹಗುರ, ಇನ್ನೊಂದು ತುಂಬು ಸ್ವರಮೇಳಗಳ ಭಾರದ್ದು. ಲಿಮ್ ಭಾರದ್ದನ್ನೇ ಆರಿಸಿಕೊಂಡ. ಅದು ಮುಗಿದೊಡನೆ ಕೊಳಲು, ಓಬೊ, ಕ್ಲಾರಿನೆಟ್, ಹಾರ್ನ್ ಒಂದರ ಹಿಂದೊಂದು ಹಾಡುತ್ತವೆ, ಪಿಯಾನೊ ಹಿನ್ನೆಲೆಗೆ ಸರಿಯುತ್ತದೆ. ಗುಡುಗಿ ಮುಗಿಸಿದ ಕೈ ಅಲ್ಲಿ ಕೂಡಲೇ ತಗ್ಗದಿದ್ದರೆ ಕೊಳಲು ಮುಚ್ಚಿಹೋಗುತ್ತದೆ. ಅದಕ್ಕೇ ಕಾನ್ಸರ್ಟೊ ಕಲಿಯುವವರು ಮೊದಲ ವಾರದಿಂದಲೇ ಆರ್ಕೆಸ್ಟ್ರಾದ ಪೂರ್ಣ ಸ್ವರಲಿಪಿ ಎದುರಿಗಿಟ್ಟುಕೊಳ್ಳಬೇಕು, ಎರಡನೇ ಪಿಯಾನೊದಲ್ಲಿ ಯಾರಾದರೂ ಆರ್ಕೆಸ್ಟ್ರಾ ಭಾಗ ನುಡಿಸಬೇಕು. ತನ್ನ ಭಾಗ ಬಾಯಿಪಾಠವಾದ ಮೇಲೆ ಅದನ್ನು ನೋಡಿದರಾಯಿತು ಎನ್ನುವವರು ರಿಹರ್ಸಲ್‌ನಲ್ಲಿ ತಬ್ಬಿಬ್ಬಾಗುತ್ತಾರೆ.

ಚಿನ್ನದ ಮರುವರ್ಷ ಗುರು ಬಾಸ್ಟನ್‌ಗೆ ಪಾಠ ಹೇಳಲು ಹೋದಾಗ ಶಿಷ್ಯನೂ ಹಿಂದೆಯೇ ಹೋದ. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಶೋಪಾನ್‌ನ 24 ಎಟ್ಯೂಡ್. ಅದೇ ವರ್ಷ ಡೆಕ್ಕಾ ರೆಕಾರ್ಡಿಂಗ್ ಕಂಪನಿಯಿಂದ ಆಲ್ಬಮ್, ಅದಕ್ಕೆ ಗ್ರಾಮೊಫೋನ್ ಪತ್ರಿಕೆಯ ಪಿಯಾನೊ ಪ್ರಶಸ್ತಿ, ಜೊತೆಗೆ ವರ್ಷದ ಯುವ ಕಲಾವಿದ ಗೌರವ.

ಬೆಂಗಳೂರಿನಲ್ಲಿ ಮಕ್ಕಳು ಬ್ರಿಟನ್‌ನ ಸಂಗೀತ ಸಂಸ್ಥೆಗಳಾದ ಎಬಿಆರ್‌ಎಸ್‌ಎಂ, ಟ್ರಿನಿಟಿಯ ಗ್ರೇಡ್ ಪರೀಕ್ಷೆಗೆ ವರ್ಷವಿಡೀ ಮೂರ್ನಾಲ್ಕೇ ರಚನೆ ಉಜ್ಜುತ್ತಾರೆ. ಪರೀಕ್ಷೆ ಬೇಡವೆಂದಲ್ಲ, ಆದರೆ ಅದರ ಪಕ್ಕದಲ್ಲಿ ಬಾಖ್‌ನ ಎರಡು ದನಿಯ ಇನ್ವೆನ್ಷನ್‌ ಎಂಬ ಪುಟ್ಟ ರಚನೆಗಳು ಇರಲಿ. ಎರಡು ಕೈಗೂ ಸಮಪಾಲು ಕೊಡುವ ಪಾಠ ಅದಕ್ಕಿಂತ ಒಳ್ಳೆಯದು ಕಾಣೆ. ಮನೆಯಲ್ಲಿ 61 ಕೀಗಳ ಹಗುರ ಕೀಬೋರ್ಡ್ ಇದ್ದರೆ ಒಂದೆರಡು ಗ್ರೇಡ್ ದಾಟುವಷ್ಟರಲ್ಲಿ ತೂಕವುಳ್ಳ 88 ಕೀಗಳ ಡಿಜಿಟಲ್ ಪಿಯಾನೊಗೆ ಬದಲಾಗಬೇಕು. ಹಗುರ ಕೀಯಲ್ಲಿ ಬೆಳೆದ ಬೆರಳು ನಿಜವಾದ ಪಿಯಾನೊದಲ್ಲಿ ಮೆಲುದನಿ ನುಡಿಸಹೋದರೆ ಸ್ವರವೇ ಹೊರಡುವುದಿಲ್ಲ. ಮಕ್ಕಳಿಗೆ ಲಿಮ್‌ನನ್ನು ಕೇಳಿಸುವುದಾದರೆ ರಾಖ್‌ಮನಿನೋವ್ ಆಮೇಲೆ ಇರಲಿ. ಕ್ಲೈಬರ್ನ್ ಸೆಮಿಫೈನಲ್‌ನಲ್ಲೇ ನುಡಿಸಿದ ಮೊಟ್ಸಾರ್ಟ್‌ನ 22ನೇ ಕಾನ್ಸರ್ಟೊ (ಕೃತಿಪಟ್ಟಿಯಲ್ಲಿ ಕೆ. 482) ಯೂಟ್ಯೂಬ್‌ನಲ್ಲಿದೆ, ಮೊದಲು ಅದರ ನಿಧಾನ ಚಲನೆ ಹಾಕಿ.