ಸಾಮಿಲ್ಲಿನವರು ಬೇಡವೆಂದ ಹಲಸು

ಆರಿದ್ರಾ ಮಳೆಯ ಗಾಳಿಗೆ ಹಿತ್ತಲಿನ ಹಲಸು ಬುಡ ಸಮೇತ ಮಗುಚಿಕೊಂಡಿತು. ಅಜ್ಜ ನೆಟ್ಟ ಮರ. ಅಮ್ಮ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಆಳೆತ್ತರದಲ್ಲೇ ಎಡಕ್ಕೆ ಬಾಗಿ, ಮತ್ತೆ ಮೇಲಕ್ಕೆ ತಿರುಗಿ, ಎರಡು ಕವಲಾಗಿ ಬೆಳೆದಿತ್ತು ಅದು. ನೋಡಲು ಬಂದ ಸಾಮಿಲ್ಲಿನವರು ಸುತ್ತಳತೆಯನ್ನೂ ಹಿಡಿಯಲಿಲ್ಲ. “ನೇರ ಹಲಗೆ ಬರೋದಿಲ್ಲ, ಸೌದೆಗೆ ಕೊಡಿ” ಎಂದು ಹೊರಟರು. ನಾನೂ ಅದನ್ನೇ ನಿಶ್ಚಯಿಸಿದ್ದೆ.

ಅಡಿಕೆ ಸುಲಿಯುವ ಕೊಟ್ಟಿಗೆಯ ಮಾಡು ಜಗ್ಗಿದ್ದರಿಂದ ಆ ವಾರ ಮರಗೆಲಸದ ಆಚಾರ್ರನ್ನು ಕರೆಸಿದ್ದೆ. ಎಪ್ಪತ್ತು ದಾಟಿದವರು. ಮಾಡು ನೋಡುವ ಮೊದಲೇ ಬಿದ್ದ ಮರದ ಸುತ್ತ ಒಂದು ಸುತ್ತು ಬಂದು, ಬಾಚಿಯಿಂದ ಚಕ್ಕೆ ಎಬ್ಬಿಸಿದರು. ಒಳಗೆ ಅರಿಶಿನದಂಥ ಚೇಗು, ಮರದ ಗಟ್ಟಿ ತಿರುಳು.

“ಇದನ್ನ ಒಲೆಗೆ ಹಾಕ್ತೀರಾ ಮಾರಾಯ್ರೆ? ನಿಮ್ಮ ಕೊಟ್ಟಿಗೆ ಇಲ್ಲೇ ಮಲಗಿದೆ.”

“ಪೂರಾ ಡೊಂಕಲ್ವಾ ಆಚಾರ್ರೇ?”

“ನಿಮ್ಮಜ್ಜ ನೇಗಿಲಿಗೆ ನೇರ ಮರ ಹುಡುಕ್ತಿದ್ರಾ?”

ನನ್ನ ಬಳಿ ಉತ್ತರವಿರಲಿಲ್ಲ. ಅವರು ಕೆಸರಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ನೇರ ಹಲಗೆಯಿಂದ ಬಾಗಿದ ತುಂಡು ಕೊಯ್ದರೆ ಮರದ ನಾರು ನಡುವೆಯೇ ಕತ್ತರಿಸಿಹೋಗುತ್ತದೆ, ಭಾರ ಬಿದ್ದಾಗ ಅಲ್ಲೇ ಸೀಳು. ಬಾಗಿಯೇ ಬೆಳೆದ ಕೊಂಬೆಯಲ್ಲಿ ನಾರೂ ಬಾಗಿನ ಜೊತೆಗೇ ಹರಿದಿರುತ್ತದೆ. ಕಂಬ ಮತ್ತು ತೊಲೆ ಸೇರುವ ಮೂಲೆಗೆ ಕೊಡುವ ಓರೆ ಆಸರೆಗೆ ಅಂಥದ್ದೇ ಬೇಕು. ಅಡಿಕೆ ಚಪ್ಪರಕ್ಕೆ ನಾವೇ ಪ್ರತಿವರ್ಷ ಕವೆಯ ಗೂಟ ಹುಡುಕಿ ತರುತ್ತೇವೆ. ಅದೇ ಲೆಕ್ಕ ದೊಡ್ಡ ಮರಕ್ಕೂ ಹೊಂದುತ್ತದೆಂದು ನನಗೆ ಯಾಕೆ ಹೊಳೆಯಲಿಲ್ಲವೋ!

ಅವತ್ತೇ ತುಂಡು ಮಾಡಿಸಿದೆವು. ಎಲ್ಲಿ ಕೊಯ್ಯಬೇಕೆಂದು ಆಚಾರ್ರೇ ಸುಣ್ಣದ ಗುರುತು ಹಾಕಿದರು, ಬಾಗಿನ ಹೊಟ್ಟೆಗೆ ಗರಗಸ ತಾಗದ ಹಾಗೆ. ತುದಿಗಳು ಬೇಗ ಒಣಗಿ ಸೀಳದಿರಲೆಂದು ಸಗಣಿ ಬಳಿದು, ನೆಲಕ್ಕೆ ತಾಗದಂತೆ ಕಲ್ಲಿನ ಮೇಲಿಟ್ಟು, ನೆರಳಿನಲ್ಲಿ ಒಣಗಲು ಬಿಟ್ಟೆವು. ದಪ್ಪ ಮರ ಒಣಗುವುದು ನಿಧಾನ. ಒಂದು ಬೇಸಿಗೆಯಲ್ಲ, ಎರಡು ಬೇಸಿಗೆ ಕಾದೆ. ಒಂದು ಆಸರೆಯ ತುಂಡು ಉದ್ದಕ್ಕೂ ಸೀಳಿ ಹೋಯಿತು. ಅದರ ತುದಿಗೆ ಸಗಣಿ ಬಳಿಯಲು ಮರೆತವನು ನಾನು. ಆ ಸಂಕಟ ಇನ್ನೂ ಇದೆ.

ಕೆಲಸದ ದಿನಗಳಲ್ಲಿ ನಾನು ಪಕ್ಕದಿಂದ ಕದಲಲಿಲ್ಲ. ಡೊಂಕು ಮರದಲ್ಲಿ ನೇರವಾದ ಅಂಚೇ ಇರುವುದಿಲ್ಲ, ಮೂಲೆಮಟ್ಟ ಇಡಲು ಜಾಗವಿಲ್ಲ. ಆಚಾರ್ರು ಮರದ ಎರಡು ತುದಿಗೆ ಮೊಳೆ ಹೊಡೆದು, ಸುಣ್ಣದ ದಾರ ಎಳೆದು ಚಿಮ್ಮಿಸಿ ಒಂದು ನಡುಗೀಟು ಬಿಡಿಸಿಕೊಂಡರು. ಆಮೇಲಿನ ಅಳತೆಯೆಲ್ಲ ಆ ಗೀಟಿನಿಂದ. ಮರ ಅತ್ತಿತ್ತ ಹೊರಳಿದರೂ ಗೀಟು ನೇರ. ಹೊರಗಿನ ಬಿಳಿ ಭಾಗ ಹುಳು ಹಿಡಿಯುತ್ತದೆಂದು ಅದನ್ನಷ್ಟೇ ಬಾಚಿಯಿಂದ ಕೆತ್ತಿ ತೆಗೆದರು, ಚೇಗಿನ ಉಬ್ಬುತಗ್ಗು ಹಾಗೇ ಉಳಿಯಿತು. ಬುಡದ ನೇರ ತುಂಡಿನಲ್ಲಿ ಒಂದು ಕಿಟಕಿಯ ದಾರಂದ, ಬಾಗಿನಲ್ಲಿ ಮೂರು ಆಸರೆ, ಒಂದು ಕವಲಿನಲ್ಲಿ ನಡುಗಂಬ. ತೊಲೆಯನ್ನು ಎತ್ತಿ ಆ ಕವಲಿಗೆ ಕೂರಿಸಿದಾಗ ನಾಲ್ವರೂ ಉಸಿರು ಬಿಗಿಹಿಡಿದಿದ್ದೆವು. ಒಂದು ಕಡೆ ಬೆಣೆ ಕೊಟ್ಟಿದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ.

ವಾಸ್ತುಶಿಲ್ಪ ಓದುವ ಅಣ್ಣನ ಮಗ ಆ ಸಂಜೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಹುಕ್ ಪಾರ್ಕ್ ಕಾಡಿನಲ್ಲಿ ವಿದ್ಯಾರ್ಥಿಗಳು ಬೀಚ್ ಮರದ 20 ಕವಲುಗಳಿಂದ ಮರದ ಚಕ್ಕೆ ತುಂಬುವ ದೊಡ್ಡ ಕೊಟ್ಟಿಗೆ ಕಟ್ಟಿದ್ದಾರೆ. ಪ್ರತಿ ಕವಲನ್ನೂ ಕಂಪ್ಯೂಟರಿನಲ್ಲಿ ಅಳೆದು, ಯಾವುದು ಎಲ್ಲಿಗೆ ಕೂರುತ್ತದೆಂದು ಲೆಕ್ಕ ಹಾಕಿ, ರೋಬೋ ಕೈಯಿಂದ ಜೋಡಣೆಗಳನ್ನು ಕೊರೆಸಿದ್ದಾರಂತೆ. ಆಚಾರ್ರು ಕನ್ನಡಕ ಏರಿಸಿಕೊಂಡು ಚಿತ್ರ ದೊಡ್ಡದು ಮಾಡಿಸಿ ನೋಡಿದರು. “ಕವಲನ್ನ ಕವಲಾಗೇ ಬಿಟ್ಟಿದಾರೆ” ಎಂದು ಖುಷಿಪಟ್ಟರು.

ಈಗ ಹೊಸ ಮಾಡಿನಡಿ ಅಡಿಕೆ ಸುಲಿಯುತ್ತೇವೆ. ಹಳದಿಯಿದ್ದ ಕಂಬ ಕಂದಾಗುತ್ತಿದೆ, ಅಮ್ಮ ಅದಕ್ಕೇ ಬೆನ್ನು ಕೊಟ್ಟು ಕೂರುತ್ತಾಳೆ. ಎರಡನೇ ಕವಲು ಇನ್ನೂ ಗೋಡೆಗೆ ಒರಗಿಕೊಂಡಿದೆ, ತುದಿಗೆ ಸಗಣಿ ಬಳಿದುಕೊಂಡು. ಬಾವಿಯ ರಾಟೆಗೆ ಬೇಕಾಗ್ತದೆ, ಮುಟ್ಟಬೇಡಿ ಎಂದು ಹೇಳಿ ಹೋಗಿದ್ದಾರೆ ಆಚಾರ್ರು.